ಚಕ್ರವಿಲ್ಲದ ಮನೆ, ಚಕ್ರವಿದ್ದ ಒಲೆ

ಗಾಡಿಯಂತೆ ಎಳೆದು ತಂದು ನಿಲ್ಲಿಸಿದ್ದ ತಮ್ಮ ಮನೆಯ ಅಡಿಯಲ್ಲಿದ್ದ ಚಕ್ರ, ಚಕ್ರ ಕೂಡಿಸುವ ಆಕ್ಸಲ್ ಎಲ್ಲವನ್ನೂ ಗಂಡ ಬಿಚ್ಚಿಕೊಂಡು, ಮಾಂಸ ಬೇಯಿಸುವ ತನ್ನ ಹೊಗೆ ಒಲೆಗೆ ಹಾಕಿಕೊಂಡಿದ್ದಾನೆ ಎಂಬುದು ವರ್ಲೀನಳಿಗೆ ಗೊತ್ತಾದದ್ದು, ಕೌಂಟಿಯ, ಅಂದರೆ ಜಿಲ್ಲಾಡಳಿತದ, ತಪಾಸಣೆಯವರು ಬರುವ ದಿನ ಬೆಳಿಗ್ಗೆ.

"ಅಲ್ಲಾ ಡುವೇನ್, ಎಲ್ಲಾ ಬಿಟ್ಟು ಮನೆ ಕಾಲೇ ಮುರಿದ್ಯಲ್ಲೋ!"

"ಸುಮ್ನೆ ತುಕ್ಕು ಹಿಡೀತಾ ಇತ್ತು ಕಣೇ. ಇಲ್ಲಿ ಯಾರು ತೆಗ್ದಿಲ್ಲ ಹೇಳು?"

ಅದೇನೋ ನಿಜ. ಅರ್ಕನ್ಸಾಸಿನ ಆ ಕಡೆ ದೋಣಿ ಸಾಗಿಸುವ ಯಾರ ಗಾಡಿಯನ್ನು ಬಗ್ಗಿ ನೋಡಿದರೂ ಯಾರದೋ ಮನೆಯ ಆಕ್ಸಲ್ ಇರುತ್ತದೆ. ಆದರೆ ವರ್ಲೀನಳ ಮನೆ ನಿಂತಿದ್ದದ್ದು ಅಕ್ಕನ ಮನೆಯ ಹಿತ್ತಲಲ್ಲಿ. ಒಂದು ನಿವೇಶನಕ್ಕೆ ಒಂದೇ ಮನೆ ಎಂದು ಕೌಂಟಿಯ ನಿಯಮ. ಚಕ್ರವಿದ್ದರೆ ಅದು ಗಾಡಿ, ಎಷ್ಟು ವರ್ಷ ಬೇಕಾದರೂ ನಿಲ್ಲಲಿ. ಚಕ್ರವಿಲ್ಲದಿದ್ದರೆ ಎರಡನೆಯ ಮನೆ, ತಿಂಗಳೊಳಗೆ ಅಲ್ಲಿಂದ ಸಾಗಿಸಬೇಕು. ಚಕ್ರವೇ ಇಲ್ಲದ್ದನ್ನು ಸಾಗಿಸುವುದು ಹೇಗೆಂದು ನಿಯಮ ಬರೆದವರಿಗೂ ಹೊಳೆದಿರಲಿಲ್ಲ.

"ಬಿಚ್ಚಿ ವಾಪಸ್ ಹಾಕು."

"ಆಗಲ್ಲ, ವೆಲ್ಡ್ ಮಾಡ್ಬಿಟ್ಟಿದೀನಿ. ಒಳಗೆ ಹಂದಿ ಮಾಂಸ ಬೇರೆ ಬೇಯ್ತಾ ಇದೆ."

"ಹಾಗಾದ್ರೆ ಹಂದಿ ಸಮೇತ ಒಲೇನ ಮನೆ ಅಡಿಗೆ ತಳ್ಳು!"

ಹಿತ್ತಲು ಇಳಿಜಾರು. ಆ ಬದಿಯಲ್ಲಿ ಮನೆ ಇಟ್ಟಿಗೆ ಕಂಬಗಳ ಮೇಲೆ ಎತ್ತರಕ್ಕೆ ನಿಂತಿತ್ತು. ಡುವೇನ್ ಕಂಬಗಳ ಸುತ್ತ ಮರೆಗೆ ಹೊಡೆದಿದ್ದ ತಗಡು ಕಿತ್ತು, ಪಿಕಪ್ಪನ್ನು ಹಿಂದಕ್ಕೆ ಬಿಟ್ಟು, ಒಲೆಯನ್ನು ಮನೆಯಡಿಗೆ ನೂಕಿದ. ಹೊಗೆಕೊಳವೆ ಬಾಗಿ, ಮನೆಯ ನೆಲವನ್ನು ಹೊತ್ತ ಕಬ್ಬಿಣದ ತೊಲೆಗೆ ಗಟ್ಟಿಯಾಗಿ ಸಿಕ್ಕಿಕೊಂಡಿತು. ಆಮೇಲೆ ಒಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ತಪಾಸಣೆಯ ಟಿಲ್ಮನ್ ಬಂದಾಗ ಸ್ನಾನದ ತೊಟ್ಟಿಯ ಸಂದಿಯಿಂದ ಹೊಗೆ ಏಳುತ್ತಿತ್ತು. ವರ್ಲೀನ್ ಒಳಗೆ ಟವೆಲ್ ಬೀಸುತ್ತಾ, ಕಿಟಕಿಯಿಂದ ನಗುತ್ತಾ, "ಬನ್ನಿ ಸಾರ್, ಬನ್ನಿ!" ಎಂದಳು.

ಟಿಲ್ಮನ್ ಮಂಡಿಯೂರಿ ಟಾರ್ಚ್ ಬಿಟ್ಟ.

"ಚಕ್ರ ಇದೆ. ಹೊಗೆ ಯಾಕ್ರೀ?"

"ಬ್ರೇಕ್ ಬಿಸಿಯಾಗಿರ್ಬೇಕು ಸಾರ್," ಎಂದ ಡುವೇನ್.

"ನಿಂತಲ್ಲೇ ನಿಂತಿರೋ ಗಾಡಿಗೆ?"

"ಹಳೇ ಬ್ರೇಕು."

"ಬ್ರೇಕಲ್ಲಿ ಹಂದಿ ವಾಸ್ನೆ ಬರ್ತಿದೆಯಲ್ಲಯ್ಯಾ. ಅದೇನಿದ್ಯೋ ಹೊರಗೆ ಎಳಿ, ನೋಡ್ತೀನಿ."

ವರ್ಲೀನ್ ಟವೆಲ್ ಬೀಸುವುದನ್ನು ನಿಲ್ಲಿಸಿ ಕಿಟಕಿಗೆ ಬಂದಳು. ಒಲೆ ಹೊರಬಂದರೆ ಗಾಡಿ ಹೋಗಿ ಮನೆಯಾಗುತ್ತದೆ, ಮನೆಯಾದರೆ ಮನೆಯೂ ಹೋಗುತ್ತದೆ. ಡುವೇನ್ ಸರಪಳಿ ಕಟ್ಟಿ ಪಿಕಪ್ಪನ್ನು ಎಳೆದ. ಒಲೆ ಬರಲಿಲ್ಲ. ಮನೆ ಬಂತು.

ಪೂರ್ತಿ ಮನೆ, ಒಂದು ಮೊಳ! ಕಪಾಟಿನ ತಟ್ಟೆಗಳೆಲ್ಲ ಖಣಖಣ ಎಂದವು. ಮೆಟ್ಟಿಲು ಇದ್ದಲ್ಲೇ ಉಳಿಯಿತು, ಬಾಗಿಲು ಮುಂದೆ ಹೋಯಿತು. ಟವೆಲ್ ಹಿಡಿದು ಕಿಟಕಿಯಲ್ಲಿ ನಿಂತಿದ್ದ ವರ್ಲೀನ್ ಟಿಲ್ಮನ್ನನ ಮುಂದೆ ಮೆರವಣಿಗೆಯಂತೆ ಹಾದುಹೋದಳು.

ಟಿಲ್ಮನ್ ಮತ್ತೆ ಬಗ್ಗಿ, ಒಲೆ ತೊಲೆಗೆ ಸಿಕ್ಕಿಕೊಂಡಿರುವುದನ್ನು ಟಾರ್ಚಿನಲ್ಲಿ ನೋಡಿ ಎದ್ದ.

"ನೋಡಮ್ಮಾ, ನಿಯಮದಲ್ಲಿ ಇರೋದು ಇಷ್ಟೇ. ಅಡಿಯಲ್ಲಿ ಚಕ್ರ ಇರ್ಬೇಕು, ಅದು ಮನೆಗೆ ಅಂಟ್ಕೊಂಡಿರ್ಬೇಕು, ಎಳೆದ್ರೆ ಮನೆ ಬರ್ಬೇಕು. ಬಂತಲ್ಲ, ನಾನೇ ಕಣ್ಣಾರೆ ಕಂಡೆ."

"ಅಂದ್ರೆ ಗಾಡೀನಾ ಸಾರ್?"

"ಗಾಡೀನೇ. ಈ ಒಲೆ ಮಾತ್ರ ಇನ್ಮುಂದೆ ಇಲ್ಲಿಂದ ಅಲ್ಲಾಡೋ ಹಾಗಿಲ್ಲ. ಬೆಂಕಿ ಆರಿಸಿ, ಕಂಬ ಸರಿ ಮಾಡ್ಕೊಳ್ಳಿ."

ಡುವೇನನ ಮುಖ ಸಪ್ಪಗಾಯಿತು. "ನನ್ನ ಒಲೆ! ಆ ಮಾಂಸ ತೆಗಿಯೋದು ಹೇಗೆ ಸಾರ್?"

"ಹೊಟ್ಟೆ ಮೇಲೆ ತೆವಳ್ಕೊಂಡು ಹೋಗು," ಎಂದಳು ವರ್ಲೀನ್ ಬಾಗಿಲಿನಿಂದ. "ಬರುವಾಗ ಸಾರ್‌ಗೂ ಒಂದು ತುಂಡು ತಾ. ಈಗ ಯಾರಾದ್ರೂ ನನ್ನ ಕೆಳಗೆ ಇಳಿಸಿ!"