ಭೂಮಿತಾಯಿಗೆ ಬಡಿಸಿದ ಚರಗ

ಭೂಮಿ ಹುಣ್ಣಿಮೆ ಬಂತೆಂದರೆ ತೀರ್ಥಮ್ಮನನ್ನು ಹಿಡಿಯುವವರೇ ಇರಲಿಲ್ಲ. ಪೈರು ತುಂಬಿ ನಿಂತ ಹೊಲವೆಂದರೆ ಬಸುರಿ ಹೆಂಗಸು, ಅವಳಿಗೆ ಬಯಕೆಯ ಊಟ ಬಡಿಸಬೇಕು ಎಂಬುದು ಅಜ್ಜಂಪುರದ ಕಡೆಯ ಆ ಊರಿನಲ್ಲಿ ಬರೀ ಹಬ್ಬವಲ್ಲ, ಮರ್ಯಾದೆ. ಅನ್ನ, ಸೊಪ್ಪು, ತರಕಾರಿ, ಕಡುಬು ಎಲ್ಲ ಕಲಸಿ ಚರಗ ಮಾಡಿ, ಒಂದು ತುತ್ತು ಮಣ್ಣಲ್ಲಿ ಹೂತು, ಉಳಿದದ್ದನ್ನು ಹೊಲದ ಸುತ್ತ ಚೆಲ್ಲಬೇಕು. ಹಕ್ಕಿ ತಿನ್ನಲಿ, ಇಲಿ ತಿನ್ನಲಿ, ಇರುವೆಯೇ ತಿನ್ನಲಿ, ಭೂಮಿತಾಯಿ ಉಂಡ ಹಾಗೆಯೇ.

"ಎಲ್ರೂ ಬಂದು ಉಣ್ರಪ್ಪೋ" ಎಂದು ತೀರ್ಥಮ್ಮ ಕೂಗಿದರೆ ಅದು ಬೀಗರನ್ನು ಪಂಕ್ತಿಗೆ ಕರೆಯುವ ದನಿ. ಬಾಯಿಮಾತಿನ ಉಪಚಾರ ಅವಳಿಗೆ ಗೊತ್ತಿರಲಿಲ್ಲ.

ಮಗ ಓಂಕಾರೇಶನಿಗೆ ಇದರಲ್ಲಿ ಅಷ್ಟು ಆಸ್ಥೆಯಿರಲಿಲ್ಲ. ಅವನ ತಲೆಯ ತುಂಬ ಕಾಡುಹಂದಿ. ಪಕ್ಕದ ಹುಲ್ಲು ಬೆಳೆದ ಬಯಲು ಕಾವಲಿನಿಂದ ಹಿಂಡು ಒಮ್ಮೆ ನುಗ್ಗಿತೆಂದರೆ ಮೆಕ್ಕೆಜೋಳ ನೆಲಕಚ್ಚುತ್ತಿತ್ತು. ಅವನ ಸಿಟ್ಟು ಸುಳ್ಳೇನಲ್ಲ. ದುಡಿದವನಿಗೇ ಗೊತ್ತು ಹೊಟ್ಟೆಯ ಉರಿ.

ಹಾಗಿದ್ದವನು ಈ ವರ್ಷ ತಾನಾಗಿಯೇ ಮುಂದೆ ಬಂದ. "ಅಮ್ಮ, ಕೆಳಗಿನ ಬದುವಿಗೆ ನಾನು ಚೆಲ್ತೀನಿ. ನಿಂಗೆ ಮೊಣಕಾಲು ನೋವು, ಕೂತ್ಕೋ."

ತೀರ್ಥಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ನೋಡಿದ್ಯೇನೇ, ನಾನು ಕಣ್ಣು ಮುಚ್ಚಿದ್ರೂ ಹೊಲಕ್ಕೆ ಉಣ್ಣಕ್ಕಿಕ್ಕೋರು ಇದಾರೆ ಕಣೇ" ಎಂದು ಸೊಸೆ ಅಶ್ವಿನಿಯ ಮುಂದೆ ಬೀಗಿದಳು. ಬುಟ್ಟಿಯನ್ನು ತಾನೇ ಎತ್ತಿ ಮಗನ ಕೈಗೆ ಕೊಟ್ಟು, ಕೂತಲ್ಲಿಂದಲೇ ಎಂದಿನಂತೆ ಕೂಗಿ ಕರೆದಳು.

ಮರುದಿನ ಬೆಳಿಗ್ಗೆ, ಭೂಮಿತಾಯಿ ಉಂಡಳೋ ಇಲ್ಲವೋ ನೋಡಿಬರೋಣವೆಂದು ಹೊಲಕ್ಕೆ ಹೋದಳು. ಕೆಳಗಿನ ಬದುವಿನಲ್ಲಿ ಗಂಡು ನವಿಲೊಂದು ಕತ್ತು ತಿರುಚಿ ಬಿದ್ದಿತ್ತು. ಅದರಾಚೆ ಎರಡು ಹೆಣ್ಣು ನವಿಲು. ಬೇಲಿಯ ಬುಡದಲ್ಲಿ ಒಂದು ಮುಂಗುಸಿ, ಅದರ ಹಲ್ಲಿನಲ್ಲಿ ಇನ್ನೂ ಕಡುಬಿನ ಚೂರು. ಆ ಕಡುಬು ಅವಳೇ ಕೈಯಾರೆ ತಟ್ಟಿ ಬೇಯಿಸಿದ್ದು. ಹಂದಿಯ ಹೆಜ್ಜೆ ಮಾತ್ರ ಎಲ್ಲಿಯೂ ಇರಲಿಲ್ಲ.

ಅವಳ ಕೂಗು ಕೇಳಿ ಓಂಕಾರೇಶ ಓಡಿಬಂದ. ನೋಡಿದ. ಮುಖ ಕಪ್ಪಿಟ್ಟಿತು.

"ಹಂದಿಗೆ ಅಂತ ಹಾಕಿದ್ದೆ ಅಮ್ಮ. ಚರಗದ ವಾಸ್ನೆಗೆ ಅವು ಬಂದೇ ಬತ್ತವೆ ಅಂತ ಇಲಿ ಪಾಷಾಣ ಕಲಸ್ಬಿಟ್ಟೆ. ನವಿಲು ಬತ್ತವೆ ಅಂತ ಹೊಳೀಲೇ ಇಲ್ಲ."

"ನಾನು ಕರೆದಿದ್ದೆ ಕಣೋ" ಎಂದಳು ತೀರ್ಥಮ್ಮ. "ಬಾಯ್ತುಂಬ ಕೂಗಿ ಕರೆದಿದ್ದೆ. ನನ್ನ ನಂಬ್ಕೊಂಡು ಬಂದ್ವು."

ಉಂಡ ಮನೆಗೆ ಎರಡು ಬಗೆಯಬಾರದು ಅಂತ ಹಿರಿಯರು ಹೇಳಿದ್ದಾರೆ. ಊಟಕ್ಕೆ ಕರೆದು ಎರಡು ಬಗೆಯುವವರೂ ಹುಟ್ಟಿಯಾರು ಎಂದು ಪಾಪ, ಅವರಿಗೆ ತೋಚಿರಲಿಕ್ಕಿಲ್ಲ.

ಓಂಕಾರೇಶ ಗುಂಡಿ ತೋಡಿ ಸತ್ತವನ್ನೆಲ್ಲ ಹೂತ. ಚೆಲ್ಲಿದ್ದ ಚರಗವನ್ನು ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಆಯತೊಡಗಿದ. ಆದರೆ ಅನ್ನದ ಅಗುಳು ಹುಲ್ಲಿನ ಬುಡದಲ್ಲಿ, ಮಣ್ಣಿನ ಸಂದಿಯಲ್ಲಿ ಸೇರಿಹೋಗಿತ್ತು. ಎಷ್ಟು ಆಯ್ದರೂ ಮುಗಿಯುವಂತಿರಲಿಲ್ಲ. ಅಷ್ಟರಲ್ಲಿ ಬಿಸಿಲೇರಿ ಗೊರವಂಕಗಳು ಇಳಿಯತೊಡಗಿದವು. ತೀರ್ಥಮ್ಮ ಸೆರಗು ಬೀಸಿ ಅವನ್ನು ಎಬ್ಬಿಸಿದಳು. ಎದೆ ಒಡೆದುಹೋಗಿತ್ತು, ಆದರೂ ಕೂತು ಅಳಲು ಪುರುಸೊತ್ತಿರಲಿಲ್ಲ.

ಕಾವಲಿನ ಕಡೆಯಿಂದ ಒಂದು ಹೆಣ್ಣು ನವಿಲು ಮರಿಗಳನ್ನು ಕಟ್ಟಿಕೊಂಡು ಬಂತು. ದಿನವೂ ಕಾಣುವ ಹೆಂಗಸೆಂದು ಹೆದರದೆ ಹತ್ತಿರಕ್ಕೇ ಬಂತು. ತೀರ್ಥಮ್ಮ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಎಸೆದಳು. ಅದು ತುಸು ಸರಿದು ನಿಂತು, ಕತ್ತೆತ್ತಿ ಅವಳನ್ನೇ ನೋಡಿತು. ಇನ್ನೊಂದು ಹೆಂಟೆ ಅದರ ಮೈಗೇ ಬಡಿಯಿತು.

"ಹೋಗೇ ನನ್ತಾಯಿ, ಹೋಗೇ! ನಮ್ಮನೆ ಅನ್ನ ಮುಟ್ಬೇಡ!"

ನವಿಲು ಕುಂಟುತ್ತ, ಮರಿಗಳನ್ನು ಕರೆಯುತ್ತ ಕಾವಲಿನ ಹುಲ್ಲಿನೊಳಗೆ ಮರೆಯಾಗುವವರೆಗೂ ತೀರ್ಥಮ್ಮ ಅಳುತ್ತಲೇ ಹೊಡೆಯುತ್ತಿದ್ದಳು.