ಕತ್ತರಿ ತಾಗಿದ ಹೂವು

ದರ್ಜಿಯ ಕೈ ಸುಮ್ಮನಿರುವ ಜಾತಿಯದಲ್ಲ. ಯಾರ ಅಂಗಿಯಲ್ಲಾದರೂ ದಾರದ ತುದಿ ಇಣುಕಿದರೆ ಸಾಕು, ಗುರುತಿರಲಿ ಇಲ್ಲದಿರಲಿ, ಜೇಬಿನ ಪುಟ್ಟ ಕತ್ತರಿ ಹೊರಬಂದೇಬಿಡುತ್ತಿತ್ತು. ಇದು ಗೊತ್ತಿದ್ದೇ ಅಕ್ಕ, ಮಂಡಿ ಆಪರೇಷನ್‌ಗೆ ಹೊರಡುವಾಗ ತನ್ನ ಉಪ್ಪುನೀರಿನ ಅಕ್ವೇರಿಯಂ ತೋರಿಸಿ ಹೇಳಿದ್ದಳು: "ದಿನಾ ಒಂದು ಚಿಟಿಕೆ ಊಟ ಹಾಕು. ಒಳಗೆ ಮಾತ್ರ ಕೈ ಹಾಕ್ಬೇಡ ಕಣೋ."

ಮೂರನೇ ದಿನ ನೀರೊಳಗಿನ ಕಲ್ಲಿನ ಮೇಲೆ ಉಗುರಿನಷ್ಟು ದೊಡ್ಡದೊಂದು ಕಂದು ಹೂವು ಎದ್ದಿತ್ತು. ಸುತ್ತ ದಾರದೆಳೆಯಂಥ ಬೆರಳುಗಳು. ಅಕ್ಕ 'ಪುಟ್ಟಿ' ಎಂದು ಮುದ್ದಿನಿಂದ ಕರೆಯುವ ಹಸಿರು ಹವಳದತ್ತ ಅವು ಚಾಚಿದ್ದವು. ದರ್ಜಿ ಅಂಗಿಯ ತೋಳು ಮಡಚಿ, ಕತ್ತರಿ ನೀರಿಗಿಳಿಸಿ, ಚಕಚಕನೆ ಐದಾರು ಸಲ ಕತ್ತರಿಸಿದ. ಚೂರುಗಳು ತೇಲಿಹೋದವು. ಅಚ್ಚುಕಟ್ಟಾಯಿತು ಎಂದುಕೊಂಡ.

ಮೂರು ವಾರ ಕಳೆಯುವಷ್ಟರಲ್ಲಿ ಮೂವತ್ತೊಂದು ಹೂವು. ಪುಟ್ಟಿ ಮುದುಡಿ ಹೋಗಿತ್ತು. ಉಪ್ಪುನೀರು ಕುಡಿದ ಕತ್ತರಿಯೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಸೆಯಲು ಮನಸ್ಸಾಗದೆ ಜೇಬಿನಲ್ಲೇ ಹೊತ್ತು ತಿರುಗುತ್ತಿದ್ದ.

ಅಕ್ಕ ಬರುವ ದಿನ ಬೆಳಿಗ್ಗೆ ಫೋಟೊ ಹಿಡಿದು ಬಣ್ಣದ ಮೀನಿನ ಅಂಗಡಿಗೆ ಓಡಿದ. ಅಂಗಡಿಯವನು ನೋಡಿ ಲೊಚಗುಟ್ಟಿದ.

"ಏಪ್ಟೇಶಿಯಾ ಸಾರ್. ಹೂವಲ್ಲ, ಪ್ರಾಣಿ. ಹವಳಾನ ಕುಟುಕುತ್ತೆ. ಒಂದೇ ಇದ್ದಾಗ ಮದ್ದು ಚುಚ್ಚಿದ್ರೆ ಮುಗೀತಿತ್ತು. ಯಾರಾದ್ರೂ ಕತ್ತರಿಸಿದ್ರಾ?"

"ಕತ್ತರಿಸಿದ್ರೆ ಏನಾಗುತ್ತೆ?"

"ಚೂರಿಗೊಂದು ಮರಿ! ಯಾವ ಪುಣ್ಯಾತ್ಮ ಸಾರ್ ಮಾಡಿದ್ದು?"

"ಗೊತ್ತಿಲ್ಲಪ್ಪ," ಎಂದ ದರ್ಜಿ. ಜೇಬಿನ ಕತ್ತರಿ ತೊಡೆಗೆ ಚುಚ್ಚಿದಂತಾಯಿತು.

ಸಂಜೆ ಕೋಲೂರಿಕೊಂಡು ಬಂದ ಅಕ್ಕ ಕೂರಲೂ ಇಲ್ಲ, ನೇರ ಗಾಜಿನ ಮುಂದೆ ನಿಂತಳು.

"ಅಯ್ಯೋ ಪುಟ್ಟಿ! ನನ್ನದೇ ತಪ್ಪು ಕಣೋ. ಹೋಗೋ ಮುಂಚೆ ಹೊಸ ಕಲ್ಲು ತಂದು, ನೋಡದೆ ಮಾಡದೆ ಇಳಿಸಿಬಿಟ್ಟೆ. ಅದ್ರಲ್ಲೇ ಬಂದಿವೆ ಈ ಪೀಡೆಗಳು. ಇನ್ನು ನನ್ನ ಕೈಲಾಗಲ್ಲ, ಯಾರಿಗಾದ್ರೂ ಕೊಟ್ಟುಬಿಡೋಣ. ಪಾಪ, ನೀನು ಹೇಳಿದ ಹಾಗೇ ನೋಡ್ಕೊಂಡೆ."

ಅವಳ ರವಿಕೆಯ ತೋಳಿನಂಚಲ್ಲಿ ದಾರವೊಂದು ನೇತಾಡುತ್ತಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು. ತೆಗೆದದ್ದನ್ನು ಅವಳ ಅಂಗೈಯಲ್ಲಿಟ್ಟ.

"ಕಲ್ಲಲ್ಲಿ ಬಂದಿದ್ದು ಒಂದೇ ಅಕ್ಕ. ಮಿಕ್ಕಿದ್ದೆಲ್ಲ ಇದು ಹೆತ್ತದ್ದು."

ಅಕ್ಕ ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಆಸ್ಪತ್ರೆಯಿಂದ ದಿನಾ ಫೋನ್ ಮಾಡಿ ಕೇಳ್ತಿದ್ದೆ, ಪುಟ್ಟಿ ಹೇಗಿದಾಳೆ ಅಂತ. ಏನಂತಿದ್ದೆ?"

"ನಗ್ತಿದಾಳೆ ಅಂತಿದ್ದೆ."

ಅಕ್ಕ ಕುರ್ಚಿ ಎಳೆದು ಗಾಜಿನೆದುರು ಕೂತಳು.

"ಹೋಗು, ಮದ್ದು ತಗೊಂಡು ಬಾ. ಒಂದೊಂದಕ್ಕೂ ನೀನೇ ಚುಚ್ಚಬೇಕು, ನಾನು ಎದುರಿಗೆ ಕೂತಿರ್ತೀನಿ. ಅಂಗಡಿಯವನು ಯಾರು ಮಾಡಿದ್ದು ಅಂತ ಕೇಳಿದ್ರೆ?"

"ಕೇಳಿ ಆಗಿದೆ ಅಕ್ಕ," ಎಂದ ದರ್ಜಿ. "ಈ ಸಲ ನಾನೇ ಅಂತ ಹೇಳ್ತೀನಿ."

ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಿದ. ಅಕ್ಕನ ತೋಳಿನ ದಾರ ಇನ್ನೂ ನೇತಾಡುತ್ತಿತ್ತು. ಅದರ ಗೊಡವೆಗೆ ಹೋಗಲಿಲ್ಲ.