ಮೈತ್ರೇಯಿಗೆ ಒಂದು ಲೋಟ ನೀರು

ಸುಧಾಮಣಿ ಸ್ಟೀಲ್ ಫಿಲ್ಟರ್ ಕೊಂಡು ತಂದಿದ್ದು ಮನೆಯವರ ಹೊಟ್ಟೆ ಕೆಟ್ಟಿತ್ತು ಅಂತಲ್ಲ. ಹೊಸಕೆರೆಹಳ್ಳಿಯ ಆ ಮನೆಯಲ್ಲಿ ನಲ್ಲಿಗೆ ಬಟ್ಟೆ ಕಟ್ಟಿ, ಬಿಂದಿಗೆಗೆ ಹಿಡಿದು, ಅದನ್ನೇ ಕುಡಿದು ಮೂರು ತಲೆಮಾರು ಗಟ್ಟಿಯಾಗೇ ಇತ್ತು. ಅವಳು ಫಿಲ್ಟರ್ ತಂದಿದ್ದು ಮೈತ್ರೇಯಿಗಾಗಿ.

ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಸುಧಾಮಣಿ ವಿಜ್ಞಾನ ಹೇಳಿಕೊಡುತ್ತಾಳೆ, ಮೈತ್ರೇಯಿ ಲೆಕ್ಕ. ಹನ್ನೊಂದು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕದ ಕುರ್ಚಿ. ಸುಧಾಮಣಿಗೆ ಆಪರೇಷನ್ ಆದಾಗ ತಿಂಗಳು ಪೂರ್ತಿ ಅವಳ ಪೀರಿಯಡ್ ತೆಗೆದುಕೊಂಡವಳು ಮೈತ್ರೇಯಿ. ಮೈತ್ರೇಯಿಯ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸಂಜೆ ಸಂಜೆ ಹೋಗಿ ಕೂತವಳು ಸುಧಾಮಣಿ. ಜಯನಗರದಿಂದ ವರ್ಷಕ್ಕೆ ಮೂರು ನಾಲ್ಕು ಸಲ ಮೈತ್ರೇಯಿ ಈ ಮನೆಗೆ ಬರುತ್ತಾಳೆ. ಚಾಪೆ ಮೇಲೆ ಕಾಲು ಚಾಚಿ ಕೂತು ನಗುತ್ತಾಳೆ. ನೀರು ಮಾತ್ರ ಕುಡಿಯುವುದಿಲ್ಲ. ಬ್ಯಾಗಿನಿಂದ ತನ್ನ ನೀಲಿ ಬಾಟ್ಲಿ ತೆಗೆಯುತ್ತಾಳೆ.

"ನಂಗೆ ಬೇರೆ ಕಡೆ ನೀರು ಒಗ್ಗಲ್ಲ ಕಣೇ. ಗಂಟಲು ಹಿಡ್ಕೊಳ್ಳುತ್ತೆ."

ಸುಧಾಮಣಿ ಇದನ್ನು ನಂಬಿದ್ದಳು. ಅವಳ ಅತ್ತೆ ಮಾರಮ್ಮ ನಂಬಿರಲಿಲ್ಲ.

"ಇಸ್ಕೂಲಲ್ಲಿ ನೀವಿಬ್ರೂ ಒಂದೇ ಕ್ಯಾನ್ ನೀರು ಕುಡಿಯಲ್ವಾ? ಅಲ್ಲಿ ಗಂಟಲು ಹಿಡ್ಕೊಳಲ್ವಾ?"

"ಅದು ಫಿಲ್ಟರ್ ನೀರು ಅತ್ತೆ."

"ಓಹೋ. ನಮ್ಮನೆ ಬಾಳೆಹಣ್ಣು ತಿಂತಾಳೆ, ಬಿಸ್ಕತ್ ಪ್ಯಾಕೆಟ್ಟು ಕೊಟ್ರೆ ತಾನೇ ಹರ್ಕೊಂಡು ತಿಂತಾಳೆ. ಉಪ್ಪಿಟ್ಟು ಕೊಟ್ರೆ ಹೊಟ್ಟೆ ತುಂಬೈತೆ ಅಂತಾಳೆ. ಸಿಪ್ಪೆ ಇರೋದು, ಕವರ್ ಇರೋದು ಮಾತ್ರ ಆಯ್ತದೆ ಆಯಮ್ಮಂಗೆ. ನೋಡ್ಕೊಂಡಿಲ್ವಾ ನೀನು?"

ಸುಧಾಮಣಿ ನೋಡಿದ್ದಳು. ಆದರೆ ಹನ್ನೊಂದು ವರ್ಷದ ಗೆಳತಿಯನ್ನು ಬಾಳೆಹಣ್ಣಿನ ಸಿಪ್ಪೆಯಿಂದ ಅಳೆಯಲು ಅವಳಿಗೆ ಮನಸ್ಸಿರಲಿಲ್ಲ. ಮಾರಮ್ಮನ ಮಾತೇ ಬೇರೆ. ಇದೇ ಹೊಸಕೆರೆಹಳ್ಳಿ ಹಳ್ಳಿಯಾಗಿದ್ದ ಕಾಲದಲ್ಲಿ, ಊರ ಬಾವಿಯ ಹತ್ತಿರ ಬಿಂದಿಗೆ ನೆಲಕ್ಕಿಟ್ಟು, ಮೇಲಿನವರು ಯಾರಾದರೂ ಬಂದು ಎತ್ತರದಿಂದ ನೀರು ಹೊಯ್ಯುವವರೆಗೂ ಕೇರಿಯ ಹೆಂಗಸರ ಜೊತೆ ನಿಂತವಳು ಅವಳು. ಅಂಥವಳಿಗೆ ಎಲ್ಲದರಲ್ಲೂ ಅದೇ ಕಾಣುತ್ತದೆ ಅಂತ ಸುಧಾಮಣಿ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು, ಮೈತ್ರೇಯಿಯ ಮನೆಯಲ್ಲಿರುವಂಥದ್ದೇ ಫಿಲ್ಟರ್ ತಂದಳು. ನೀರಿನದೇ ತೊಂದರೆಯಾದರೆ ನೀರು ಸರಿಮಾಡಿದರಾಯಿತು.

ಒಂದರ ಮೇಲೊಂದು ಕೂರುವ ಎರಡು ಸ್ಟೀಲ್ ಡಬ್ಬ. ಮೇಲಿನದರಲ್ಲಿ ಸುಣ್ಣದಷ್ಟು ಬೆಳ್ಳಗಿನ, ಪಿಂಗಾಣಿ ಮಣ್ಣಿನ ಎರಡು ಕ್ಯಾಂಡಲ್. ಮೇಲೆ ಸುರಿದ ನೀರು ಕ್ಯಾಂಡಲ್ಲಿನ ಗೋಡೆಯೊಳಕ್ಕೆ ಜಿನುಗಿ, ತನ್ನ ಭಾರಕ್ಕೆ ತಾನೇ ಇಳಿದು, ಕೆಳಗಿನ ಡಬ್ಬಕ್ಕೆ ತೊಟ್ಟಿಕ್ಕುತ್ತದೆ. ಕರೆಂಟು ಬೇಡ, ಮೋಟರು ಬೇಡ. ಡಿಪೋದಲ್ಲಿ ಬಸ್ ಮೆಕ್ಯಾನಿಕ್ ಆಗಿರುವ ಅವಳ ಗಂಡ ಸಿದ್ದರಾಜು ವಾಷರ್ ಕೂರಿಸಿ, ಕೈಯಲ್ಲೇ ನಟ್ಟು ಬಿಗಿದ.

"ಎಂಜಿನ್ ಇಲ್ಲದ ಗಾಡಿ ಕಣೇ ಇದು. ಇಳಿಜಾರಲ್ಲೇ ಓಡುತ್ತೆ."

ಮೊದಲ ಎರಡು ಸಲದ ನೀರನ್ನು ಗಿಡಕ್ಕೆ ಹಾಕಿದರು. ಮೂರನೆಯದನ್ನು ಕುಡಿದ ಮಾರಮ್ಮ ಡಬ್ಬವನ್ನೇ ನೋಡುತ್ತಾ ನಿಂತಳು.

"ಅಲ್ವೇ ಸುಧಾ, ಕೊಳೆ ಎಲ್ಲಾ ಮೇಲ್ಗಡೆ ಡಬ್ಬದಲ್ಲೇ ಉಳ್ಕೊಳ್ತದೆ. ಚೊಕ್ಕ ಇರೋದು ಕೆಳಗಿಂದು. ಇದ್ನ ಮಾಡ್ದೋನ್ಗೆ ಬುದ್ಧಿ ಐತೆ ಬಿಡು."

ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಲ್ಲಿ ಕ್ಯಾಂಡಲ್ ತೊಳೆದರೆ ಸಾಕು ಅಂತ ಅದರ ಜೊತೆ ಬಂದ ಚೀಟಿಯಲ್ಲಿತ್ತು. ಸುಧಾಮಣಿ ದಿನಾ ತೊಳೆದಳು. ಬೆಳಿಗ್ಗೆ ಅನ್ನಕ್ಕಿಟ್ಟು, ಪಾತ್ರೆ ಉಜ್ಜುವ ಹಸಿರು ನಾರು ಹಿಡಿದು, ನಲ್ಲಿಯಡಿ ಕ್ಯಾಂಡಲ್ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದಳು. ಮಣ್ಣಿನ ಬಣ್ಣದ ಒಂದು ಗೆರೆಯೂ ಕಾಣಬಾರದು. ಶೋಧಿಸುವಿಕೆಯ ಪಾಠ ಮಾಡುವ ಟೀಚರಿಗೆ, ನಾರಿಗೆ ಅಂಟುತ್ತಿರುವ ಬಿಳಿ ಪುಡಿ ಕೊಳೆಯಲ್ಲ, ಕ್ಯಾಂಡಲ್ಲೇ ಅಂತ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಗಲೀಜು ಅನ್ನಿಸಿಕೊಂಡೇ ಬೆಳೆದ ಕೈಗಳು ಎಲ್ಲಿ ನಿಲ್ಲಿಸಬೇಕು ಅಂತ ಕಲಿತಿರುವುದಿಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ತಾನು ಎಲ್ಲರಿಗಿಂತ ಒಂದು ಸಲ ಹೆಚ್ಚು ಮುಖ ತೊಳೆದು ಹೋಗುತ್ತಿದ್ದುದು ಅವಳಿಗೆ ನೆನಪಿತ್ತು. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಆದರೂ ತೊಳೆಯುತ್ತಿದ್ದಳು.

ಎರಡು ತಿಂಗಳ ನಂತರ ಒಂದು ಭಾನುವಾರ, ವಿಜ್ಞಾನ ಮೇಳಕ್ಕೆ ಚಾರ್ಟ್ ಬರೆಯಲು ಮೈತ್ರೇಯಿ ಬರುವುದಿತ್ತು. ಸುಧಾಮಣಿ ಎರಡೂ ಡಬ್ಬ ಬೆಳಗಿ, ಹತ್ತು ಗಂಟೆಗೆ ಮೇಲಿನ ಡಬ್ಬ ತುಂಬಿದಳು. ಹತ್ತೂವರೆಗೆಲ್ಲ ಕೆಳಗಿನದು ತುಂಬಿತ್ತು.

"ನೋಡಿ ಅತ್ತೆ, ಎಷ್ಟು ಬೇಗ ಇಳೀತು!"

ಹನ್ನೊಂದಕ್ಕೆ ಮೈತ್ರೇಯಿ ಬಂದಳು. ಗೋಡೆಯ ಮೇಲಿನ ನೀಲಿ ಕೋಟಿನ ಫೋಟೊ ಕೆಳಗೆ ಚಾಪೆ ಹಾಸಿ, ಚಾರ್ಟ್ ಬಿಚ್ಚಿದ್ದಾಯಿತು. ಸುಧಾಮಣಿ ಅಡುಗೆಮನೆಗೆ ಕರೆದಳು.

"ಬಾರೇ ಇಲ್ಲಿ. ನಿಮ್ಮನೇದೇ ಥರದ್ದು. ಇನ್ನು ನಿನ್ನ ಗಂಟಲಿಗೆ ನೆಪ ಇಲ್ಲ."

ಮೈತ್ರೇಯಿ ಫಿಲ್ಟರ್ ನೋಡಿದಳು. ಬ್ಯಾಗನ್ನು ಹೆಗಲಿಗೆ ಸರಿಮಾಡಿಕೊಂಡಳು. ಆಮೇಲೆ, "ಎಷ್ಟೊತ್ತಾಗುತ್ತೆ ತುಂಬೋಕೆ?" ಅಂದಳು.

"ಈಗ ಸಖತ್ ಫಾಸ್ಟು. ಅರ್ಧ ಗಂಟೆ."

"ಅರ್ಧ ಗಂಟೆನಾ? ನಮ್ಮನೇಲಿ ಬೆಳಿಗ್ಗೆ ಹಾಕಿದ್ರೆ ಮಧ್ಯಾಹ್ನ ಆಗುತ್ತೆ." ಅವಳು ಮುಚ್ಚಳ ತೆಗೆದು, ಬಗ್ಗಿ, ಕ್ಯಾಂಡಲ್ ಮೇಲೆ ಬೆರಳಾಡಿಸಿದಳು. "ಏನೇ ಇದು, ಇಷ್ಟು ತೆಳ್ಳಗೆ! ಬುಡದಲ್ಲಿ ಸೀಳಿದೆ ನೋಡು. ನೀರು ಸೋಸ್ತಾನೇ ಇಲ್ಲ, ಹಾಗೇ ಇಳೀತಿದೆ. ಏನ್ಮಾಡ್ದೆ ಇದಕ್ಕೆ?"

"ಉಜ್ಜಿದೆ."

"ಸೀಮೆಸುಣ್ಣ ಅಲ್ಲ ಕಣೇ ಅದು." ಮೈತ್ರೇಯಿ ನಕ್ಕಳು. ಆ ನಗುವಿನಲ್ಲಿ ಒಂದು ನಿರಾಳವಿತ್ತು, ಅದನ್ನು ಸುಧಾಮಣಿ ಕಂಡಳು. "ಹೋಗ್ಲಿ ಬಿಡು, ಹೊಸದು ಹಾಕ್ಸು. ಬಾಟ್ಲಿ ಇದೆಯಲ್ಲ ನಂದು."

ಅವಳ ಕೈ ಬ್ಯಾಗಿನ ಕಡೆ ಹೋಗುವಷ್ಟರಲ್ಲಿ ಸುಧಾಮಣಿ ಸ್ಟೌ ಹಚ್ಚಿ, ಪಾತ್ರೆ ಇಟ್ಟಿದ್ದಳು.

"ಕಾಯಿಸ್ತೀನಿ. ಕುದ್ದ ನೀರಿಗೆ ಕ್ಯಾಂಡಲ್ ಬೇಡ."

"ಅಯ್ಯೋ, ಯಾಕೇ ಸುಮ್ನೆ..."

"ಇರಲಿ. ಚಾರ್ಟ್ ಬರೀತಿರೋಣ."

ಬರೆದರು. ನೀರು ಕುದಿಯಿತು. ಇಳಿಸಿ, ಅಗಲವಾದ ತಟ್ಟೆಯಲ್ಲಿ ತಣ್ಣೀರು ಹಾಕಿ, ಅದರೊಳಗೆ ಪಾತ್ರೆ ಇಟ್ಟು ಆರಿಸಿದಳು. ಮಾರಮ್ಮ ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಮುಕ್ಕಾಲು ಗಂಟೆ ಕಳೆದ ಮೇಲೆ ಸುಧಾಮಣಿ ಮೂರು ಲೋಟ ತಂದು, ಒಂದನ್ನು ಮೈತ್ರೇಯಿಯ ಮುಂದಿಟ್ಟಳು.

ಮೈತ್ರೇಯಿ ಲೋಟ ಎತ್ತಿದಳು. ಎದೆಯ ಮಟ್ಟಕ್ಕೆ ಬಂದ ಲೋಟ ಅಲ್ಲೇ ನಿಂತಿತು. ಮತ್ತೆ ಚಾಪೆಯ ಮೇಲೆ ಕೂತಿತು.

"ಆಗಲ್ಲ ಕಣೇ ಸುಧಾ."

"ಬಿಸಿ ಇದ್ಯಾ?"

"ಇಲ್ಲ. ಆಗಲ್ಲ, ಅಷ್ಟೇ. ಮನೇಲಿ ಇದೆಲ್ಲ ಅಮ್ಮನ ಕಾಲಕ್ಕೇ ಮುಗೀತು ಅಂತ ನಾನೇ ಎಲ್ರಿಗೂ ಹೇಳ್ತೀನಿ. ಕೈ ಮೇಲೆ ಬರಲ್ಲ, ಏನ್ ಮಾಡ್ಲಿ?" ಅವಳ ಕಣ್ಣು ತುಂಬಿತು.

ಸುಧಾಮಣಿ ಅವಳ ಭುಜದ ಮೇಲೆ ಕೈ ಇಡಲು ಹೋಗಿ, ಹಿಂದಕ್ಕೆ ತೆಗೆದುಕೊಂಡಳು.

"ಅಳು ಬಂದ್ರೆ ಅತ್ತುಬಿಡು ಮೈತ್ರಿ. ಸಮಾಧಾನ ಮಾಡೋ ಕೆಲಸ ನಾನು ಮಾಡಲ್ಲ. ಇಷ್ಟು ವರ್ಷ ನಾನು ನನ್ನ ನಲ್ಲಿ, ನನ್ನ ಬಿಂದಿಗೆ, ನನ್ನ ಕ್ಯಾಂಡಲ್ ಎಲ್ಲದರ ಮೇಲೂ ಅನುಮಾನ ಪಟ್ಟೆ. ನಿನ್ನ ಮೇಲೆ ಮಾತ್ರ ಪಡಲಿಲ್ಲ."

"ನಾನು ಬದಲಾಗ್ತೀನಿ ಕಣೇ."

"ಆಗು. ಸ್ಕೂಲಲ್ಲಿ ಹೇಗಿದೀವೋ ಹಾಗೇ ಇರೋಣ. ಮನೆಗೆ ಮಾತ್ರ, ನೀರು ಕುಡಿಯೋ ಹಾಗಾದ ದಿನ ಬಾ. ಆ ಬಾಟ್ಲಿ ತರಬೇಡ."

ಜೋರಾಗಿ ಹೇಳಲಿಲ್ಲ. ಹೋಂವರ್ಕ್ ಹೇಳಿದ ಹಾಗೆ ಹೇಳಿದಳು. ಮೈತ್ರೇಯಿ ಸ್ಕೆಚ್ ಪೆನ್ನುಗಳಿಗೆಲ್ಲ ಒಂದೊಂದಾಗಿ ಮುಚ್ಚಳ ಹಾಕಿ, ಎದ್ದು ಹೋದಳು. ಮೈತ್ರೇಯಿಗೆಂದು ಇಟ್ಟಿದ್ದ ಲೋಟವನ್ನು ಮಾರಮ್ಮ ಎತ್ತಿ ಗಟಗಟ ಕುಡಿದಳು.

"ಚೆನ್ನಾಗೈತೆ ನೀರು," ಅಂದಳು. "ನಾನು ಹೇಳಿರ್ಲಿಲ್ವಾ ಅಂತ ಅನ್ನಲ್ಲ ಕಣವ್ವ. ನನ್ ಮಾತು ಸುಳ್ಳಾಗ್ಲಿ ಅಂತ ನಂಗೂ ಇತ್ತು."

ಸೋಮವಾರ ಇಬ್ಬರೂ ಸ್ಟಾಫ್ ರೂಮಿನಲ್ಲಿ ಅದೇ ಕ್ಯಾನಿನಿಂದ ನೀರು ಹಿಡಿದು ಕುಡಿದರು. "ಕ್ಯಾಂಡಲ್ ಹಾಕ್ಸಿದ್ಯಾ?" ಅಂತ ಮೈತ್ರೇಯಿ ಮೆಲ್ಲಗೆ ಕೇಳಿದಳು.

"ಇವತ್ತು ತರ್ತೀನಿ. ನಮಗೆ ಬೇಕಲ್ಲ."

ಸಂಜೆ ಸಿದ್ದರಾಜು ಹೊಸ ಕ್ಯಾಂಡಲ್ ಬಿಗಿದ. ಕೆಳಗಿನ ಡಬ್ಬದಲ್ಲಿ ನೀರು ಒಂದೊಂದೇ ಹನಿಯಾಗಿ ಬೀಳತೊಡಗಿತು, ನಿಧಾನಕ್ಕೆ, ಬೀಳಬೇಕಾದ ಹಾಗೆ. ಮರುದಿನ ಬೆಳಿಗ್ಗೆ ಅನ್ನಕ್ಕಿಟ್ಟ ಸುಧಾಮಣಿ ಸ್ಟೂಲಿನ ಮೇಲೆ ಸುಮ್ಮನೆ ಕೂತು ಕಾಫಿ ಕುಡಿಯುತ್ತಿದ್ದಳು. ಮಾರಮ್ಮ ಬಂದು ಅವಳನ್ನೂ ನೋಡಿದಳು, ಒಣಗಿಕೊಂಡೇ ಇದ್ದ ಹಸಿರು ನಾರನ್ನೂ ನೋಡಿದಳು.

"ಯಾಕೆ, ಇವತ್ತು ಉಜ್ಜಲ್ವಾ?"

"ಇಲ್ಲ ಅತ್ತೆ," ಅಂದಳು ಸುಧಾಮಣಿ. "ಕೊಳೆ ಇಲ್ಲ."